ಎಂದೂ ಸೇರದ ಎರಡು ಗೆರೆ: ಕೈವಾರದಲ್ಲಿ ಸಮಾಂತರ ರೇಖೆ ಎಳೆಯುವುದು ಹೇಗೆ, ಏಕೆ

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಕೆಳಭಾಗದಲ್ಲಿ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಗೆರೆಯಿಂದ ಸುಮಾರು 3 ಸೆಂಟಿಮೀಟರ್ ಮೇಲೆ ಒಂದು ಚುಕ್ಕೆ ಇಡಿ. ಈಗ ಆ ಚುಕ್ಕೆಯ ಮೂಲಕ ಹಾದುಹೋಗುವ ಹಾಗೆ, ಕೆಳಗಿನ ಗೆರೆಗೆ ಸಮಾಂತರವಾಗಿ ಇನ್ನೊಂದು ಗೆರೆ ಬೇಕು. ಸ್ಕೇಲನ್ನು ಚುಕ್ಕೆಯ ಮೇಲಿಟ್ಟು, ಕಣ್ಣಳತೆಯಲ್ಲಿ ಸರಿ ಮಾಡಿ, ಎಳೆದುಬಿಟ್ಟರೆ ಆಯ್ತು ಅಲ್ವಾ? ನೋಡಲು ಸಮಾಂತರವಾಗಿಯೇ ಕಾಣುತ್ತದೆ.

ಆದರೆ ಸ್ಕೇಲು ಒಂದೇ ಒಂದು ಡಿಗ್ರಿ ವಾಲಿತ್ತು ಅಂದುಕೊಳ್ಳಿ. ಒಂದು ಡಿಗ್ರಿ ಎಂದರೆ ಕೋನಮಾಪಕದ ಒಂದು ಪುಟ್ಟ ಗೀಟು. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಈ ಎರಡು ಗೆರೆಗಳನ್ನು ಹಾಳೆ ದಾಟಿ ಮೇಜಿನ ಮೇಲೂ ಹಾಗೇ ಎಳೆಯುತ್ತ ಹೋದರೆ, ಸುಮಾರು 172 ಸೆಂಟಿಮೀಟರ್ ದೂರದಲ್ಲಿ ಅವು ಕೂಡಿಕೊಳ್ಳುತ್ತವೆ. ಡಿಗ್ರಿಯ ಸಾವಿರದ ಒಂದು ಭಾಗದಷ್ಟು ವಾಲಿದ್ದರೂ ಅಷ್ಟೇ. ಆಗ ಸುಮಾರು 1.7 ಕಿಲೋಮೀಟರ್ ಆಚೆ ಹೋಗಿ ಕೂಡುತ್ತವೆ. ಸಮಾಂತರ ರೇಖೆಗಳು ಎಂದರೆ ಎಷ್ಟು ದೂರ ಎಳೆದರೂ ಕೂಡಬಾರದು. ‘ಎಂದೆಂದಿಗೂ ಕೂಡುವುದಿಲ್ಲ’ ಎನ್ನುವ ಮಾತನ್ನು ನೋಟ್‌ಬುಕ್ಕಿನ ಒಂದು ಹಾಳೆಯ ಮೇಲೆ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಮಕ್ಕಳಿಗೆ ಗಣಿತ ಹೇಳಿಕೊಡುವಾಗ ನನಗೆ ತುಂಬಾ ಇಷ್ಟವಾಗುವ ಪ್ರಶ್ನೆ ಇದು. ಹೈಸ್ಕೂಲಿಗೆ ಬರುವಷ್ಟರಲ್ಲಿ ಹೆಚ್ಚಿನ ಮಕ್ಕಳಿಗೆ ಈ ರಚನೆ ಬಾಯಿಪಾಠವಾಗಿರುತ್ತದೆ. ಇಲ್ಲೊಂದು ಕಂಸ, ಅಲ್ಲೊಂದು ಕಂಸ, ಆಮೇಲೆ ಸೇರಿಸು. ಕಂಸ ಅಲ್ಲೇ ಯಾಕೆ ಬರಬೇಕು ಅಂತ ಕೇಳಿದರೆ ಕ್ಲಾಸು ಸುಮ್ಮನಾಗುತ್ತದೆ. ತಪ್ಪು ಮಕ್ಕಳದಲ್ಲ. ‘ಹೇಗೆ’ ಹೇಳಿದ ಮೇಲೆ ‘ಯಾಕೆ’ ಹೇಳುವಷ್ಟು ಪೀರಿಯಡ್ ಉಳಿದಿರುವುದಿಲ್ಲ. ಆದರೆ ಈ ‘ಯಾಕೆ’ ಗೊತ್ತಾದರೆ ಹಂತಗಳನ್ನು ನೆನಪಿಡುವ ಕಷ್ಟವೇ ಇರುವುದಿಲ್ಲ.

ಮೊದಲು ಉಪಕರಣಗಳ ವಿಷಯ. ಸ್ಕೇಲಿನ ಮೇಲೆ ಸೆಂಟಿಮೀಟರ್ ಗುರುತುಗಳೇ ಇಲ್ಲ ಎಂದು ಭಾವಿಸಬೇಕು. ಅದು ಬರೀ ನೇರ ಅಂಚು. ಎರಡು ಚುಕ್ಕೆ ಕೊಟ್ಟರೆ ಸೇರಿಸುತ್ತದೆ. ಕೈವಾರದ ಕೆಲಸ ಇನ್ನೊಂದು. ಮುಳ್ಳಿಗೂ ಪೆನ್ಸಿಲ್ ತುದಿಗೂ ನಡುವಿನ ಅಂತರವನ್ನು ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆ ಅಂತರ ಎಷ್ಟು ಸೆಂಟಿಮೀಟರ್ ಅಂತ ಅದಕ್ಕೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ‘ಇಲ್ಲಿ ಎಷ್ಟೋ ಅಲ್ಲೂ ಅಷ್ಟೇ’ ಎನ್ನುವುದೊಂದೇ ಅದಕ್ಕೆ ಬರುವ ಮಾತು. ಸಮಾಂತರ ರೇಖೆಯ ಎಲ್ಲ ರಚನೆಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ನನಗೆ ಅತಿ ಇಷ್ಟದ ವಿಧಾನದಿಂದಲೇ ಶುರು ಮಾಡೋಣ. ಇದರಲ್ಲಿ ಕೈವಾರವನ್ನು ಒಂದು ಸಲ ಅಗಲಿಸಿದರೆ ಮುಗಿಯಿತು, ಕೊನೆಯವರೆಗೂ ಬದಲಿಸುವ ಹಾಗಿಲ್ಲ.

ಚುಕ್ಕೆಗೆ ‘ಪ’ ಎಂದು ಹೆಸರಿಡಿ. ಕೈವಾರವನ್ನು ಸುಮಾರು 4 ಸೆಂಟಿಮೀಟರ್ ಅಗಲಿಸಿ. ಚುಕ್ಕೆ ಗೆರೆಯಿಂದ 3 ಸೆಂಟಿಮೀಟರ್ ಮೇಲಿರುವುದರಿಂದ ಪೆನ್ಸಿಲ್ ಗೆರೆಯನ್ನು ಮುಟ್ಟಿ ದಾಟುತ್ತದೆ. ಮುಳ್ಳನ್ನು ಪ ಮೇಲೆ ಊರಿ ದೊಡ್ಡದಾಗಿ ಒಂದು ಕಂಸ ಹಾಕಿ. ಎಡಗಡೆ ಗೆರೆಯನ್ನು ದಾಟಬೇಕು, ಬಲಗಡೆ ಪ ಬಿಂದುವಿನ ಎತ್ತರಕ್ಕೂ ಸ್ವಲ್ಪ ಮೇಲೆ ಹೋಗಬೇಕು, ಅಷ್ಟು ದೊಡ್ಡದು. ಎಡಗಡೆ ಅದು ಗೆರೆಯನ್ನು ಕತ್ತರಿಸಿದ ಜಾಗ ‘ಅ’. ಈಗ ಅದೇ ಅಗಲದಲ್ಲಿ ಮುಳ್ಳನ್ನು ಅ ಮೇಲೆ ಊರಿ, ಗೆರೆಯ ಬಲಭಾಗವನ್ನು ಕತ್ತರಿಸಿ. ಅದು ‘ಬ’. ಮತ್ತೆ ಅದೇ ಅಗಲದಲ್ಲಿ ಮುಳ್ಳನ್ನು ಬ ಮೇಲೆ ಊರಿ, ಮೇಲ್ಗಡೆ ಒಂದು ಕಂಸ ಹಾಕಿ. ಇದು ಮೊದಲು ಹಾಕಿದ ದೊಡ್ಡ ಕಂಸವನ್ನು ಬಲಗಡೆ ಕತ್ತರಿಸುತ್ತದೆ. ಅದು ‘ಕ’. ಸ್ಕೇಲಿಟ್ಟು ಪ ಮತ್ತು ಕ ಸೇರಿಸಿ. ಮುಗಿಯಿತು. ಮೂರು ಕಂಸ, ಒಂದು ಗೆರೆ.

ಈಗ ಏನಾಯಿತು ಅಂತ ನೋಡಿ. ಪ–ಅ, ಅ–ಬ, ಬ–ಕ, ಕ–ಪ, ಈ ನಾಲ್ಕೂ ಉದ್ದಗಳು ಒಂದೇ. ಕೈವಾರ ಅಲುಗಿಲ್ಲವಲ್ಲ! ನಾಲ್ಕು ಬಾಹುಗಳೂ ಸಮ ಇರುವ ಆಕೃತಿ ವಜ್ರಾಕೃತಿ. ವಜ್ರಾಕೃತಿಯ ಎದುರುಬದುರು ಬಾಹುಗಳು ಸಮಾಂತರ ಎಂದು ಶಾಲೆಯಲ್ಲಿ ಓದಿರುತ್ತೇವೆ. ಅಂದರೆ ಸಮಾಂತರ ರೇಖೆ ಬೇಕು ಅಂತ ನಾವು ನೇರವಾಗಿ ಅದನ್ನು ಹುಡುಕಲು ಹೋಗಲಿಲ್ಲ. ಒಂದು ವಜ್ರಾಕೃತಿ ಕಟ್ಟಿದೆವು, ಅದರ ಮೇಲಿನ ಬಾಹುವಾಗಿ ಸಮಾಂತರ ರೇಖೆ ತಾನಾಗಿ ಬಂತು.

ಅಷ್ಟಕ್ಕೇ ತೃಪ್ತಿಪಡಬೇಡಿ. ವಜ್ರಾಕೃತಿಯ ಬಾಹುಗಳು ಸಮಾಂತರ ಅಂತ ಯಾರು ಹೇಳಿದರು? ಪ ಮತ್ತು ಬ ನಡುವೆ ಒಂದು ಓರೆ ಗೆರೆ ಎಳೆಯಿರಿ. ವಜ್ರಾಕೃತಿ ಎರಡು ತ್ರಿಭುಜಗಳಾಯಿತು. ಎರಡಕ್ಕೂ ಮೂರು ಬಾಹುಗಳು ಸಮ: ಎರಡೆರಡು ಬಾಹುಗಳು ಕೈವಾರದ ಅಗಲ, ಮೂರನೆಯದು ಇಬ್ಬರಿಗೂ ಸೇರಿದ ಓರೆ ಗೆರೆ. ಹಾಗಾಗಿ ತ್ರಿಭುಜಗಳು ಸರ್ವಸಮ. ಒಂದನ್ನು ಕತ್ತರಿಸಿ ಇನ್ನೊಂದರ ಮೇಲಿಟ್ಟರೆ ಕರಾರುವಾಕ್ಕಾಗಿ ಕೂರುತ್ತದೆ. ಅವುಗಳ ಕೋನಗಳೂ ಸಮವೇ. ಅಂದರೆ ಓರೆ ಗೆರೆಯು ಕೆಳಗಿನ ರೇಖೆಯೊಂದಿಗೆ ಬ ಹತ್ತಿರ ಎಡಗಡೆ ಮಾಡುವ ಕೋನವೂ, ಮೇಲಿನ ರೇಖೆಯೊಂದಿಗೆ ಪ ಹತ್ತಿರ ಬಲಗಡೆ ಮಾಡುವ ಕೋನವೂ ಸಮ. ಇವೇ ಪರ್ಯಾಯ ಕೋನಗಳು.

ಇನ್ನು ಉಳಿದದ್ದು ಒಂದೇ ಹೆಜ್ಜೆ. ಈ ಇಡೀ ವಿಷಯದ ಜೀವಾಳ ಅದರಲ್ಲಿದೆ. ಪರ್ಯಾಯ ಕೋನಗಳು ಸಮವಾಗಿದ್ದರೆ ಎರಡು ರೇಖೆಗಳು ಎಂದೂ ಕೂಡುವುದಿಲ್ಲ, ಯಾಕೆ?

ಇದನ್ನು ಕೈಯಲ್ಲಿ ಮಾಡಿಯೇ ನೋಡಬೇಕು. ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಎರಡು ಸಮಾಂತರ ರೇಖೆಗಳನ್ನೂ ಓರೆ ಗೆರೆಯನ್ನೂ ಅದರ ಮೇಲೆ ಎಳೆದುಕೊಳ್ಳಿ. ಓರೆ ಗೆರೆಯ ಸರಿಯಾದ ನಡುಮಧ್ಯದಲ್ಲಿ ಒಂದು ಗುಂಡುಪಿನ್ನು ಚುಚ್ಚಿ. ಈಗ ಮೇಲಿನ ಕಾಗದವನ್ನು ಪಿನ್ನಿನ ಸುತ್ತ ಅರ್ಧ ಸುತ್ತು ತಿರುಗಿಸಿ. ಪ ಹೋಗಿ ಬ ಮೇಲೆ ಕೂರುತ್ತದೆ, ಬ ಬಂದು ಪ ಮೇಲೆ ಕೂರುತ್ತದೆ. ಕೋನಗಳು ಸಮ ಇರುವುದರಿಂದ ಮೇಲಿನ ರೇಖೆ ಕೆಳಗಿನ ರೇಖೆಯ ಮೇಲೆ, ಕೆಳಗಿನದು ಮೇಲಿನದರ ಮೇಲೆ ಸರಿಯಾಗಿ ಬೀಳುತ್ತದೆ. ತಿರುಗಿಸುವ ಮುಂಚೆ ಹೇಗಿತ್ತೋ ತಿರುಗಿಸಿದ ಮೇಲೂ ಚಿತ್ರ ಹಾಗೇ ಇದೆ.

ಈಗ ಈ ಎರಡು ರೇಖೆಗಳು ಬಲಗಡೆ ಎಲ್ಲೋ ತುಂಬಾ ದೂರದಲ್ಲಿ ಕೂಡುತ್ತವೆ ಅಂದುಕೊಳ್ಳಿ. ಅರ್ಧ ಸುತ್ತು ತಿರುಗಿಸಿದಾಗ ಆ ಕೂಡುವ ಜಾಗ ಎಡಗಡೆಗೆ ಬರುತ್ತದೆ. ಆದರೆ ಚಿತ್ರ ಬದಲಾಗಿಲ್ಲ, ರೇಖೆಗಳು ಅವೇ. ಹಾಗಿದ್ದರೆ ಅವು ಎಡಗಡೆಯೂ ಕೂಡಲೇಬೇಕು. ಎರಡು ನೇರ ರೇಖೆಗಳು ಎರಡು ಜಾಗದಲ್ಲಿ ಕೂಡಲು ಸಾಧ್ಯವೇ? ಎರಡು ಚುಕ್ಕೆಗಳ ಮೂಲಕ ಒಂದೇ ನೇರ ರೇಖೆ ಹೋಗಬಲ್ಲದು. ಆದ್ದರಿಂದ ಎಡಗಡೆಯೂ ಇಲ್ಲ, ಬಲಗಡೆಯೂ ಇಲ್ಲ. ಅವು ಎಲ್ಲೂ ಕೂಡುವುದಿಲ್ಲ.

ಅನಂತದವರೆಗೆ ನಡೆದು ನೋಡಬೇಕಿದ್ದ ವಿಷಯ ಒಂದು ಗುಂಡುಪಿನ್ನಿನ ಸುತ್ತ ಮುಗಿದುಹೋಯಿತು. ಎಷ್ಟು ಸಲ ಹೇಳಿಕೊಟ್ಟಿದ್ದರೂ ಈ ಜಾಗಕ್ಕೆ ಬಂದಾಗ ನನಗೆ ಈಗಲೂ ಖುಷಿಯಾಗುತ್ತದೆ.

ಒಂದು ಮಾತು ಸೇರಿಸಬೇಕು. ಈ ವಾದ ನಡೆಯುವುದು ಚಪ್ಪಟೆ ಹಾಳೆಯ ಮೇಲೆ. ಗ್ಲೋಬ್ ಮೇಲೆ ನೋಡಿ. ಎರಡು ರೇಖಾಂಶಗಳು ಸಮಭಾಜಕ ವೃತ್ತವನ್ನು 90 ಡಿಗ್ರಿಯಲ್ಲೇ ದಾಟುತ್ತವೆ, ಕೋನಗಳೆಲ್ಲ ಸಮ. ಆದರೂ ಅವು ಉತ್ತರ ಧ್ರುವದಲ್ಲೂ ಕೂಡುತ್ತವೆ, ದಕ್ಷಿಣ ಧ್ರುವದಲ್ಲೂ ಕೂಡುತ್ತವೆ. ಅಲ್ಲಿ ‘ಎರಡು ಜಾಗದಲ್ಲಿ ಕೂಡಲು ಸಾಧ್ಯವಿಲ್ಲ’ ಎನ್ನುವ ಮಾತೇ ಬಿದ್ದುಹೋಗುತ್ತದೆ. ನಮ್ಮ ವಾದಕ್ಕೆ ಆಧಾರವಾಗಿದ್ದದ್ದು ಯಾವ ಕಂಬ ಅಂತ ಇದರಿಂದ ಚೆನ್ನಾಗಿ ಗೊತ್ತಾಗುತ್ತದೆ.

ಪರ್ಯಾಯ ಕೋನದ ಈ ಸಂಗತಿಯನ್ನು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕ್ರಿಸ್ತಪೂರ್ವ 300ರ ಸುಮಾರಿಗೆ ಬರೆದ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಭಾಗದಲ್ಲಿ 27ನೇ ಪ್ರಮೇಯವಾಗಿ ಇಟ್ಟಿದ್ದಾನೆ. ಕೊಟ್ಟ ಚುಕ್ಕೆಯ ಮೂಲಕ ಸಮಾಂತರ ರೇಖೆ ಎಳೆಯುವ ರಚನೆ 31ನೆಯದು. ನಡುವೆ 29ನೇ ಪ್ರಮೇಯದಲ್ಲಿ ಅವನು ಮೊಟ್ಟಮೊದಲ ಬಾರಿಗೆ ತನ್ನ ಐದನೇ ಆಧಾರ ಪ್ರತಿಜ್ಞೆಯನ್ನು, ಅಂದರೆ ಸಾಧನೆ ಕೇಳದೆ ಒಪ್ಪಿಕೊಂಡ ಮಾತನ್ನು, ಬಳಸುತ್ತಾನೆ. ಮೊದಲ 28 ಪ್ರಮೇಯಗಳಲ್ಲಿ ಅದನ್ನು ಮುಟ್ಟುವುದೇ ಇಲ್ಲ. ಏನು ಆ ಪ್ರತಿಜ್ಞೆ? ಎರಡು ರೇಖೆಗಳನ್ನು ಮೂರನೆಯದೊಂದು ಕತ್ತರಿಸಿದಾಗ, ಒಂದು ಬದಿಯ ಒಳಕೋನಗಳ ಮೊತ್ತ ಎರಡು ಲಂಬಕೋನಕ್ಕಿಂತ ಕಡಿಮೆ ಇದ್ದರೆ, ಆ ರೇಖೆಗಳು ಆ ಬದಿಯಲ್ಲಿ ಕೂಡಿಯೇ ಕೂಡುತ್ತವೆ.

ಇದು ಎಲ್ಲಿ ಬೇಕಾಗುತ್ತದೆ ಗೊತ್ತಾ? ನಮ್ಮ ವಜ್ರಾಕೃತಿ ಕಟ್ಟಲು ಬೇಡ. ಅದರ ಮೇಲಿನ ಬಾಹು ಕೆಳಗಿನ ರೇಖೆಯನ್ನು ಕೂಡುವುದಿಲ್ಲ ಅಂತ ತೋರಿಸಲೂ ಬೇಡ. ಬೇಕಾಗುವುದು ‘ಪ ಮೂಲಕ ಇಂಥ ರೇಖೆ ಇದೊಂದೇ, ಬೇರೆ ಇಲ್ಲ’ ಅಂತ ಹೇಳುವಾಗ. ಶುರುವಿನಲ್ಲಿ ಒಂದು ಡಿಗ್ರಿ ವಾಲಿದ ಗೆರೆ 172 ಸೆಂಟಿಮೀಟರಿಗೆ ಕೂಡುತ್ತದೆ ಎಂದೆನಲ್ಲ, ಆ ಲೆಕ್ಕದ ಹಿಂದೆ ಇರುವುದು ಇದೇ ಪ್ರತಿಜ್ಞೆ. ಎಷ್ಟೇ ಸ್ವಲ್ಪ ವಾಲಲಿ, ಎಲ್ಲಾದರೂ ಕೂಡಲೇಬೇಕು ಅಂತ ಅದು ಭರವಸೆ ಕೊಡುತ್ತದೆ. 1795ರಲ್ಲಿ ಸ್ಕಾಟ್ಲೆಂಡಿನ ಗಣಿತಜ್ಞ ಜಾನ್ ಪ್ಲೇಫೇರ್ ಇದನ್ನೇ ಸರಳ ಮಾಡಿ, ರೇಖೆಯ ಹೊರಗಿನ ಒಂದು ಬಿಂದುವಿನ ಮೂಲಕ ಒಂದಕ್ಕಿಂತ ಹೆಚ್ಚು ಸಮಾಂತರ ರೇಖೆ ಇರಲಾರದು ಎಂಬ ರೂಪದಲ್ಲಿ ಕೊಟ್ಟ. ಶಾಲಾ ಪುಸ್ತಕಗಳಲ್ಲಿ ನಾವು ಓದುವುದು ಈ ರೂಪವನ್ನೇ. ಇದನ್ನು ಉಳಿದ ಪ್ರತಿಜ್ಞೆಗಳಿಂದಲೇ ಸಾಧಿಸಬಹುದಾ ಅಂತ ಎರಡು ಸಾವಿರ ವರ್ಷ ಗಣಿತಜ್ಞರು ಒದ್ದಾಡಿದರು. 1829ರಲ್ಲಿ ರಷ್ಯದ ಲೊಬಾಚೆವ್‌ಸ್ಕಿ, 1832ರಲ್ಲಿ ಹಂಗೇರಿಯ ಬೊಯೋಯ್ ತಮ್ಮ ಕೆಲಸವನ್ನು ಪ್ರಕಟಿಸಿದರು. ಒಂದು ಬಿಂದುವಿನ ಮೂಲಕ ಬೇಕಾದಷ್ಟು ಕೂಡದ ರೇಖೆಗಳಿರುವ ಬೇರೊಂದು ಜ್ಯಾಮಿತಿಯೇ ಅದರಲ್ಲಿತ್ತು. ನಮ್ಮ ಹಾಳೆಯ ಮೇಲಿನ ಆ ಒಂದು ಚುಕ್ಕೆಯಿಂದ ಹೊರಟ ದಾರಿ ಅಲ್ಲಿಯವರೆಗೆ ಹೋಗುತ್ತದೆ.

ಮತ್ತೆ ಕೈವಾರಕ್ಕೆ ಬರೋಣ. ಶಾಲೆಯಲ್ಲಿ ಜಾಸ್ತಿ ಕಲಿಸುವುದು ಕೋನವನ್ನು ನಕಲು ಮಾಡುವ ವಿಧಾನ. ಪ ಮೂಲಕ ಒಂದು ಓರೆ ಗೆರೆ ಎಳೆದು ಕೆಳಗಿನ ರೇಖೆಗೆ ಮುಟ್ಟಿಸಿ, ಮೇಲಕ್ಕೂ ಸ್ವಲ್ಪ ಬೆಳೆಸಿ. ಮುಟ್ಟಿದ ಜಾಗ ಅ. ಮುಳ್ಳನ್ನು ಅ ಮೇಲಿಟ್ಟು ಬಲಗಡೆ ಒಂದು ಕಂಸ ಹಾಕಿ. ಅದು ಕೆಳಗಿನ ರೇಖೆಯನ್ನು ಬ ಹತ್ತಿರ, ಓರೆ ಗೆರೆಯನ್ನು ಚ ಹತ್ತಿರ ಕತ್ತರಿಸುತ್ತದೆ. ಅಗಲ ಬದಲಿಸದೆ ಮುಳ್ಳನ್ನು ಪ ಮೇಲಿಟ್ಟು ಅಂಥದ್ದೇ ಕಂಸ ಹಾಕಿ, ಓರೆ ಗೆರೆಯನ್ನು ಅದು ಕತ್ತರಿಸಿದ ಜಾಗ ಡ. ಈಗ ಮಾತ್ರ ಅಗಲ ಬದಲಿಸಬೇಕು. ಮುಳ್ಳು ಚ ಮೇಲೆ, ಪೆನ್ಸಿಲ್ ಬ ಮೇಲೆ. ಆ ಅಗಲವನ್ನು ಹೊತ್ತುಕೊಂಡು ಹೋಗಿ ಡ ಮೇಲೆ ಮುಳ್ಳಿಟ್ಟು ಮೇಲಿನ ಕಂಸವನ್ನು ಬಲಗಡೆ ಕತ್ತರಿಸಿ. ಅದು ಕ. ಪ–ಕ ಸೇರಿಸಿ.

ಇಲ್ಲೂ ನಡೆದದ್ದು ಅದೇ. ಅ ಹತ್ತಿರ ಒಂದು ಪುಟ್ಟ ತ್ರಿಭುಜವಿತ್ತು, ಅದರ ಮೂರೂ ಬಾಹುಗಳನ್ನು ಕೈವಾರದಲ್ಲಿ ಹೊತ್ತು ತಂದು ಪ ಹತ್ತಿರ ಮತ್ತೆ ಕಟ್ಟಿದೆವು. ಮೂರು ಬಾಹು ಸಮ, ಹಾಗಾಗಿ ಕೋನ ಸಮ. ಕೋನಮಾಪಕ ಇಲ್ಲದೆ ಕೋನ ಸಾಗಿಸುವ ವಿದ್ಯೆ ಇದು. ಈ ಕೋನಗಳಿಗೆ ಅನುರೂಪ ಕೋನಗಳು ಅಂತ ಹೆಸರು. ಪ ಹತ್ತಿರ ಇದರ ಎದುರಿಗಿರುವ ಕೋನವೂ ಇಷ್ಟೇ ಇರುವುದರಿಂದ ವಿಷಯ ಮತ್ತೆ ಪರ್ಯಾಯ ಕೋನಕ್ಕೇ ಬಂದು ನಿಲ್ಲುತ್ತದೆ.

ಪರ್ಯಾಯ ಕೋನವನ್ನೇ ನೇರವಾಗಿ ನಕಲು ಮಾಡುವುದೂ ಉಂಟು. ಆಗ ಪ ಹತ್ತಿರದ ಕಂಸವನ್ನು ಓರೆ ಗೆರೆಯ ಕೆಳಭಾಗಕ್ಕೆ, ಬ ಇಲ್ಲದ ಕಡೆಗೆ ಹಾಕಬೇಕು. ಮಕ್ಕಳು ಎಡವುವುದು ಇಲ್ಲೇ. ಒಂದು ಸಲ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದುಕೊಂಡು ಬಂದಳು. “ಸರ್, ಎಲ್ಲಾ ಸರಿಯಾಗೇ ಮಾಡಿದೀನಿ, ಆದ್ರೆ ಇದು ತ್ರಿಭುಜ ಆಗ್ತಿದೆ” ಅಂದಳು. ನೋಡಿದರೆ ಕಂಸಗಳೆಲ್ಲ ಅಚ್ಚುಕಟ್ಟು. ಅಗಲ ಎಲ್ಲೂ ತಪ್ಪಿಲ್ಲ. ಆದರೆ ಕೋನವನ್ನು ಬ ಇರುವ ಕಡೆಗೇ ಇಟ್ಟಿದ್ದಳು. ಗೆರೆ ಜಾರುಬಂಡೆಯ ಹಾಗೆ ಕೆಳಗಿಳಿದು ರೇಖೆಗೆ ಬಂದು ಮುಟ್ಟಿತ್ತು. ಅಳಿಸಬೇಡಮ್ಮ, ಇದು ಎಂಥ ತ್ರಿಭುಜ ನೋಡು ಅಂದೆ. ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದಳು. “ಎರಡು ಕೋನ ಒಂದೇ ಇದೆ. ಸಮದ್ವಿಬಾಹು ಸರ್!” ಅಂದಳು. ಆಮೇಲೆ ತಾನೇ ಪೆನ್ಸಿಲ್‌ನಿಂದ ಓರೆ ಗೆರೆಯ ಆ ಬದಿ ಈ ಬದಿ ತಟ್ಟಿ, ಕೋನವನ್ನು ಆಚೆ ಬದಿಗೆ ಇಡಬೇಕಿತ್ತು ಎಂದು ಹೇಳಿದಳು. ‘ಪರ್ಯಾಯ’ ಎನ್ನುವ ಪದಕ್ಕೆ ಅವಳಿಗೆ ಅರ್ಥ ಬಂದದ್ದು ಆ ತಪ್ಪು ಚಿತ್ರದಿಂದ.

ಇನ್ನೊಂದು ದಾರಿ ಲಂಬದ್ದು. ಪ ಬಿಂದುವಿನಿಂದ ಕೆಳಗಿನ ರೇಖೆಗೆ ಲಂಬ ಇಳಿಸಿ, ಆ ಲಂಬಕ್ಕೆ ಪ ಹತ್ತಿರ ಮತ್ತೊಂದು ಲಂಬ ಎಳೆಯುವುದು. ಕಂಸಗಳು ಜಾಸ್ತಿ, ಹಾಗಾಗಿ ತಪ್ಪು ಸೇರುವ ಜಾಗಗಳೂ ಜಾಸ್ತಿ. ಆದರೆ ಚುಕ್ಕೆ ಕೊಡದೆ ‘ಇಷ್ಟು ದೂರದಲ್ಲಿ ಸಮಾಂತರ ರೇಖೆ ಎಳೆ’ ಎಂದರೆ ಇದೇ ಬೇಕು. ಮೇಸ್ತ್ರಿಗಳು ಗೋಡೆಗೆ ದಾರ ಕಟ್ಟುವಾಗ ಎರಡು ತುದಿಯಲ್ಲೂ ಒಂದೇ ಅಳತೆ ಹಿಡಿದು ನೋಡುವುದರಲ್ಲಿ ಇರುವುದು ಇದೇ ವಿಚಾರ.

ದಾರದ ಮಾತು ಬಂತಲ್ಲ, ಹಗ್ಗದ ಕಥೆಯನ್ನೂ ಹೇಳಬೇಕು. ವೇದಕಾಲದ ಯಜ್ಞವೇದಿಗಳನ್ನು ಅಳತೆ ಹಿಡಿದು ಕಟ್ಟಲು ಬಳಸುತ್ತಿದ್ದ ಸೂತ್ರಗಳಿಗೆ ಶುಲ್ಬಸೂತ್ರ ಎಂದು ಹೆಸರು. ಶುಲ್ಬ ಎಂದರೆ ಹಗ್ಗ. ಅಲ್ಲಿ ಕೈವಾರದ ಮುಳ್ಳಿನ ಜಾಗದಲ್ಲಿ ಗೂಟ, ಅಗಲದ ಜಾಗದಲ್ಲಿ ಹಗ್ಗ. ಅವುಗಳಲ್ಲೊಂದನ್ನು ಬರೆದ ಬೌಧಾಯನ ಚೌಕ ಕಟ್ಟಲು ಹೇಳುವ ಒಂದು ಕ್ರಮ ಹೀಗಿದೆ. ನಡುವೆ ಗೂಟ ನೆಟ್ಟು, ಬಾಹುವಿನ ಅರ್ಧದಷ್ಟು ಹಗ್ಗದಿಂದ ಒಂದು ವೃತ್ತ ಹಾಕಬೇಕು. ಪೂರ್ವ, ಪಶ್ಚಿಮದ ತುದಿಗಳಲ್ಲಿ ಗೂಟ ನೆಟ್ಟು, ಪೂರ್ತಿ ಉದ್ದದ ಹಗ್ಗದಿಂದ ಎರಡು ದೊಡ್ಡ ವೃತ್ತ ಹಾಕಿ, ಅವು ಕೂಡುವಲ್ಲಿಂದ ಉತ್ತರ, ದಕ್ಷಿಣದ ದಿಕ್ಕು ಹಿಡಿಯಬೇಕು. ಈಗ ನಾಲ್ಕು ದಿಕ್ಕಿಗೂ ಗೂಟ ಸಿಕ್ಕಿತು. ಈ ನಾಲ್ಕು ಗೂಟಗಳಿಂದಲೂ ಮತ್ತೆ ಅರ್ಧ ಹಗ್ಗದಿಂದ ವೃತ್ತ ಹಾಕಿದರೆ, ಅಕ್ಕಪಕ್ಕದ ವೃತ್ತಗಳು ಒಮ್ಮೆ ನಡುವಿನ ಗೂಟದಲ್ಲಿ ಕೂಡುತ್ತವೆ, ಇನ್ನೊಮ್ಮೆ ಹೊರಗಡೆ ಕೂಡುತ್ತವೆ. ಹೊರಗಿನ ಆ ನಾಲ್ಕು ಜಾಗಗಳೇ ಚೌಕದ ಮೂಲೆಗಳು.

ಪೂರ್ವದ ಗೂಟ, ನಡುವಿನ ಗೂಟ, ಉತ್ತರದ ಗೂಟ, ಈಶಾನ್ಯದ ಮೂಲೆ: ಈ ನಾಲ್ಕನ್ನು ಇದೇ ಕ್ರಮದಲ್ಲಿ ಸೇರಿಸಿ ನೋಡಿ. ನಾಲ್ಕು ಬಾಹುಗಳೂ ಅದೇ ಅರ್ಧ ಹಗ್ಗ. ನಾವು ಮೊದಲು ಕಟ್ಟಿದ ವಜ್ರಾಕೃತಿಯೇ ಅದು! ನಮ್ಮ ಚಿತ್ರದಲ್ಲೂ ಪ ಮತ್ತು ಬ ಕಂಸಗಳು ಕೂಡುವ ಒಂದು ಜಾಗ ಅ, ಇನ್ನೊಂದು ಜಾಗ ಕ. ‘ಎರಡನೇ ಸಲ ಕೂಡುವ ಜಾಗ’ವನ್ನು ಹಿಡಿಯುವುದೇ ಎರಡೂ ಕಡೆ ಇರುವ ಜಾಣತನ. ಹಳ್ಳಿ ಶಾಲೆಯ ಅಂಗಳದಲ್ಲಿ ಎರಡು ಗೂಟ, ಒಂದು ಸೆಣಬಿನ ಹಗ್ಗ ಇದ್ದರೆ ಇದನ್ನು ಮಾಡಿಸಬಹುದು. ಹಗ್ಗ ಎಳೆದಾಗ ಹಿಗ್ಗದಂತೆ ನೋಡಿಕೊಳ್ಳಬೇಕು, ಅಷ್ಟೇ.

ಹಾಳೆಯ ಮೇಲೆ ಮಾಡುವಾಗಲೂ ಕೆಲವು ಎಚ್ಚರಿಕೆ ಬೇಕು. ಕೈವಾರದ ತಿರುಪು ಸಡಿಲವಿದ್ದರೆ ಯಾವ ಪ್ರಮೇಯವೂ ಕಾಪಾಡುವುದಿಲ್ಲ, ಮೊದಲು ಅದನ್ನು ಬಿಗಿ ಮಾಡಿ. ಪೆನ್ಸಿಲ್ ಮೊನಚಾಗಿರಲಿ. ಕೈವಾರವನ್ನು ಕಾಲು ಹಿಡಿದು ತಿರುಗಿಸಬೇಡಿ, ತಲೆಯ ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಎರಡು ಕಂಸಗಳು ಒಂದನ್ನೊಂದು ತೀರಾ ಓರೆಯಾಗಿ ಸವರಿಕೊಂಡು ಹೋದರೆ ಯಾವ ಜಾಗದಲ್ಲಿ ಕೂಡಿದವು ಅಂತ ಗೊತ್ತಾಗುವುದಿಲ್ಲ. ಲಂಬಕ್ಕೆ ಹತ್ತಿರವಾಗಿ ಕತ್ತರಿಸಿದರೆ ಜಾಗ ಸ್ಪಷ್ಟ. 3 ಸೆಂಟಿಮೀಟರ್ ಎತ್ತರದ ಚುಕ್ಕೆಗೆ ನಾನು 4 ಸೆಂಟಿಮೀಟರ್ ಅಗಲ ಹೇಳಿದ್ದು ಅದಕ್ಕೇ. 10 ಸೆಂಟಿಮೀಟರ್ ಅಗಲಿಸಿದರೂ ರಚನೆ ಸರಿಯೇ, ಆದರೆ ವಜ್ರಾಕೃತಿ ಚಪ್ಪಟೆಯಾಗಿ ಕ ಬಿಂದು ಮಸುಕಾಗುತ್ತದೆ.

ಇಷ್ಟೆಲ್ಲ ಕಲಿತು ಇದರಿಂದ ಏನು ಮಾಡಬಹುದು ಅಂತ ಕೇಳುವವರಿಗೆ ನಾನು ಒಂದು ಕೆಲಸ ಕೊಡುತ್ತೇನೆ. 10 ಸೆಂಟಿಮೀಟರ್ ಉದ್ದದ ಗೆರೆಯನ್ನು 7 ಸಮಭಾಗ ಮಾಡಿ. ಸ್ಕೇಲಿನಲ್ಲಿ ಪ್ರಯತ್ನಿಸಿದರೆ 1.428571... ಅಂತ ದಶಮಾಂಶ ಮುಗಿಯುವುದೇ ಇಲ್ಲ. ಆ ಗುರುತು ಯಾವ ಸ್ಕೇಲಿನ ಮೇಲೂ ಇಲ್ಲ.

ಗೆರೆಯ ಎಡತುದಿಯಿಂದ ಮೇಲಕ್ಕೆ ಒಂದು ಓರೆ ಕಿರಣ ಎಳೆಯಿರಿ. ಕೋನ ನಕಲು ಮಾಡಿ ಬಲತುದಿಯಿಂದ ಕೆಳಕ್ಕೆ ಅದಕ್ಕೆ ಸಮಾಂತರವಾದ ಇನ್ನೊಂದು ಕಿರಣ ಎಳೆಯಿರಿ. ಕೈವಾರವನ್ನು ಸುಮ್ನೆ ಎಷ್ಟಾದರೂ ಅಗಲಿಸಿ, ಎರಡು ಕಿರಣಗಳ ಮೇಲೂ ಆಯಾ ತುದಿಯಿಂದ ಏಳೇಳು ಹೆಜ್ಜೆ ಗುರುತು ಹಾಕಿ. ಎಡತುದಿಯನ್ನು ಕೆಳಗಿನ ಏಳನೇ ಗುರುತಿಗೆ ಸೇರಿಸಿ. ಮೇಲಿನ ಒಂದನ್ನು ಕೆಳಗಿನ ಆರಕ್ಕೆ, ಎರಡನ್ನು ಐದಕ್ಕೆ, ಹೀಗೇ ಸೇರಿಸುತ್ತ ಬಂದು ಮೇಲಿನ ಏಳನ್ನು ಬಲತುದಿಗೆ ಸೇರಿಸಿ. ಈ ಎಂಟು ಗೆರೆಗಳೂ ಒಂದಕ್ಕೊಂದು ಸಮಾಂತರ. ಯಾಕೆಂದರೆ ಪ್ರತಿ ಜೋಡಿಯ ಎರಡು ಪಕ್ಕದಲ್ಲೂ ಸಮಾಂತರವಾದ, ಸಮನಾದ ಒಂದೊಂದು ಹೆಜ್ಜೆ ಇದೆ. ನಡುವಿನ ಆರು ಗೆರೆಗಳು ನಿಮ್ಮ 10 ಸೆಂಟಿಮೀಟರನ್ನು ಆರು ಜಾಗದಲ್ಲಿ ಕತ್ತರಿಸುತ್ತವೆ.

ಈಗ ಕೈವಾರವನ್ನು ಮೊದಲ ತುಂಡಿನಷ್ಟು ಅಗಲಿಸಿಕೊಂಡು ಗೆರೆಯ ಮೇಲೆ ಹೆಜ್ಜೆ ಹಾಕಿಸಿ. ಒಂದು, ಎರಡು, ಮೂರು. ಏಳನೇ ಹೆಜ್ಜೆಯ ಮುಳ್ಳು ಬಲತುದಿಯ ಚುಕ್ಕೆಯ ಮೇಲೆಯೇ ಇಳಿಯಬೇಕು.